ಹಳೆಯ ಕೈಗಡಿಯಾರ: ಪಶ್ಚಿಮ ಬೆಂಗಳೂರಿನಲ್ಲಿ ಮೊದಲ ಖರೀದಿ, ಬೆಲೆ ಕಟ್ಟುವ ಬಗೆ

ಸಂಗ್ರಾಹಕರು ಹಳೆಯ ಕೈಗಡಿಯಾರವೆಂದು ಸಾಮಾನ್ಯವಾಗಿ ಕರೆಯುವುದು ಇಪ್ಪತ್ತೈದು ಮೂವತ್ತು ವರ್ಷಕ್ಕಿಂತ ಹಿಂದೆ ತಯಾರಾದ ವಾಚುಗಳನ್ನು. ಬೆಂಗಳೂರಿನ ಮಟ್ಟಿಗೆ ಈ ಹವ್ಯಾಸದ ಬಹುಪಾಲು ಕೀ ಕೊಟ್ಟು ನಡೆಸುವ ಎಚ್‌ಎಂಟಿ ವಾಚುಗಳ ಸುತ್ತಲೇ ತಿರುಗುತ್ತದೆ. ಕಾರ್ಖಾನೆ ಇದ್ದದ್ದು ಜಾಲಹಳ್ಳಿಯಲ್ಲಿ. ಅಲ್ಲಿ ದುಡಿದವರೂ ಅಲ್ಲಿಯ ವಾಚು ಕಟ್ಟಿಕೊಂಡು ಬೇರೆ ಕಾರ್ಖಾನೆ, ಕಚೇರಿ, ಶಾಲೆಗಳಿಗೆ ಹೋಗುತ್ತಿದ್ದವರೂ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳಲ್ಲಿ ನೆಲೆ ನಿಂತರು. ಅವರ ಮನೆಗಳ ಬೀರುಗಳಲ್ಲಿ, ಹೊಲಿಗೆ ಯಂತ್ರದ ಡ್ರಾಯರುಗಳಲ್ಲಿ ನಿಂತುಹೋದ ವಾಚುಗಳು ಇಂದಿಗೂ ಸಿಗುತ್ತವೆ. ಅವನ್ನು ಬಿಚ್ಚಿ ಕೂಡಿಸಬಲ್ಲ ಕೈಗಳೂ ಇದೇ ಬಡಾವಣೆಗಳ ಮುಖ್ಯರಸ್ತೆಗಳಲ್ಲಿ ಉಳಿದಿವೆ. ಮೊದಲ ಸಲ ಹಳೆಯ ವಾಚು ಕೊಳ್ಳುವವರಿಗೆ ಇಷ್ಟು ಅನುಕೂಲವಿರುವ ಊರುಗಳು ದೇಶದಲ್ಲಿ ಹೆಚ್ಚಿಲ್ಲ.

ವಾಚು ಎಷ್ಟು ಹಳೆಯದು ಎಂಬುದೊಂದರಿಂದಲೇ ಬೆಲೆ ಹುಟ್ಟುವುದಿಲ್ಲ. ಕಾರ್ಖಾನೆಯಿಂದ ಹೊರಬಿದ್ದಾಗ ಇದ್ದದ್ದರಲ್ಲಿ ಎಷ್ಟು ಹಾಗೆಯೇ ಉಳಿದಿದೆ ಎಂಬುದೇ ಬೆಲೆಯ ಬುಡ. ಕೊಳ್ಳುವವರು ಕಲಿಯಬೇಕಾದ್ದರಲ್ಲಿ ಮುಕ್ಕಾಲು ಪಾಲು ಅದನ್ನು ಗುರುತಿಸುವ ಕಲೆ.

ಹಿನ್ನೆಲೆ

ಹಿಂದೂಸ್ತಾನ್ ಮೆಷಿನ್ ಟೂಲ್ಸ್ 1953ರಲ್ಲಿ ಕೇಂದ್ರ ಸರ್ಕಾರದ ಉದ್ಯಮವಾಗಿ ಬೆಂಗಳೂರಿನಲ್ಲಿ ಸ್ಥಾಪನೆಯಾಯಿತು. ಮೊದಲ ಉದ್ದೇಶ ಯಂತ್ರಗಳನ್ನು ತಯಾರಿಸುವ ಯಂತ್ರಗಳು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ತಾಂತ್ರಿಕ ಸಹಯೋಗದಲ್ಲಿ ವಾಚು ತಯಾರಿಕೆ ಶುರುವಾಯಿತು. ಮೊದಲ ಕಂತಿನ ವಾಚುಗಳನ್ನು ಪ್ರಧಾನಿ ಜವಾಹರಲಾಲ್ ನೆಹರೂ ಬಿಡುಗಡೆ ಮಾಡಿದರು. ಅಲ್ಲಿಯವರೆಗೆ ನಮ್ಮಲ್ಲಿ ವಾಚು ಎಂದರೆ ಬಹುಮಟ್ಟಿಗೆ ಸ್ವಿಟ್ಜರ್ಲೆಂಡಿನಿಂದ ಬಂದದ್ದು. ಸ್ವಾತಂತ್ರ್ಯಾನಂತರ ಆಮದಿನ ಮೇಲೆ ಬಿಗಿ ಹಿಡಿತ ಬಂದ ಮೇಲೆ ಕಳ್ಳಸಾಗಣೆಯ ವಾಚುಗಳದ್ದೇ ಒಂದು ದೊಡ್ಡ ಪೇಟೆ ಬೆಳೆದಿತ್ತು. ಸಂಬಳದಾರನೊಬ್ಬ ಅಂಗಡಿಗೆ ಹೋಗಿ, ರಸೀದಿ ಪಡೆದು, ಗ್ಯಾರಂಟಿ ಕಾರ್ಡಿನೊಂದಿಗೆ ವಾಚು ಕೊಳ್ಳುವುದನ್ನು ಸಾಮಾನ್ಯ ಸಂಗತಿಯಾಗಿಸಿದ್ದು ಎಚ್‌ಎಂಟಿ.

ಮಾದರಿಗಳ ಹೆಸರುಗಳು ಈಗಲೂ ಹಿರಿಯರ ಬಾಯಲ್ಲಿ ಸರಾಗವಾಗಿ ಬರುತ್ತವೆ: ಜನತಾ, ಪೈಲಟ್, ಜವಾನ್, ಸೋನಾ, ಕೊಹಿನೂರ್, ರಜತ್, ಹೆಂಗಸರ ಸುಜಾತಾ. ಕೈಯ ಚಲನೆಯಿಂದಲೇ ಕೀ ಏರುವ, ವಾರ ಮತ್ತು ತಾರೀಖು ತೋರಿಸುವ ಕಾಂಚನ್ ಒಂದು ಕಾಲಕ್ಕೆ ಮದುವೆ ಮಾತುಕತೆಗಳಲ್ಲೇ ಸ್ಥಾನ ಪಡೆದಿತ್ತು. ಅಳಿಯನಿಗೆ ಯಾವ ವಾಚು ಎಂದು ಹಿರಿಯರು ಕೂತು ತೀರ್ಮಾನಿಸುತ್ತಿದ್ದರು. ದೃಷ್ಟಿ ಇಲ್ಲದವರಿಗಾಗಿ ಗಾಜಿನ ಮುಚ್ಚಳ ತೆರೆದು ಮುಟ್ಟಿ ನೋಡುವ ಬ್ರೈಲ್ ವಾಚನ್ನೂ, ದೇವನಾಗರಿ ಅಂಕಿಗಳಿದ್ದ ಜನತಾವನ್ನೂ ಕಂಪನಿ ತಯಾರಿಸಿತು. ಬೆಂಗಳೂರಿನ ನಂತರ ಶ್ರೀನಗರ, ತುಮಕೂರು ಮತ್ತು ಈಗಿನ ಉತ್ತರಾಖಂಡದ ರಾಣಿಬಾಗ್‌ಗಳಲ್ಲಿ ಘಟಕಗಳು ಎದ್ದವು. ಒಟ್ಟು ತಯಾರಾದ ವಾಚುಗಳ ಸಂಖ್ಯೆ ಹತ್ತು ಕೋಟಿ ದಾಟಿತು. ಲಾಲ್‌ಬಾಗಿನಲ್ಲಿ 1983ರಲ್ಲಿ ನಿಲ್ಲಿಸಿದ ಹೂವಿನ ಗಡಿಯಾರವೂ ಎಚ್‌ಎಂಟಿಯದೇ.

1969ರ ಡಿಸೆಂಬರಿನಲ್ಲಿ ಜಪಾನಿನ ಸೈಕೊ ಕಂಪನಿ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದ ಮೇಲೆ ಸ್ಪ್ರಿಂಗಿನ ವಾಚುಗಳ ಕಾಲ ಜಗತ್ತಿನಾದ್ಯಂತ ಇಳಿಮುಖವಾಯಿತು. ಎಚ್‌ಎಂಟಿ ಕ್ವಾರ್ಟ್ಜ್ ವಾಚು ತಯಾರಿಸಿತಾದರೂ ಅದರ ಬಲ ಕೀ ಕೊಡುವ ವಾಚುಗಳಲ್ಲೇ ಉಳಿಯಿತು. ಟಾಟಾ ಸಮೂಹ ಮತ್ತು ತಮಿಳುನಾಡು ಸರ್ಕಾರದ ಟಿಡ್ಕೊ ಸೇರಿ 1984ರಲ್ಲಿ ಸ್ಥಾಪಿಸಿದ ಟೈಟನ್, ಹೊಸೂರಿನ ಕಾರ್ಖಾನೆಯಿಂದ 1987ರ ಹೊತ್ತಿಗೆ ಚೆಂದದ ಕ್ವಾರ್ಟ್ಜ್ ವಾಚುಗಳನ್ನು ಅಂಗಡಿಗೆ ತಂದಾಗ ನಗರದ ಕೊಳ್ಳುಗರು ಅತ್ತ ಹೊರಳಿದರು. ನಷ್ಟ ವರ್ಷದಿಂದ ವರ್ಷಕ್ಕೆ ಬೆಳೆಯಿತು. ಎಚ್‌ಎಂಟಿ ವಾಚಸ್ ಲಿಮಿಟೆಡ್ ಮುಚ್ಚಲು 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟದ ಸಮಿತಿ ಒಪ್ಪಿಗೆ ಕೊಟ್ಟಿತು. ನೌಕರರಿಗೆ 2007ರ ವೇತನಶ್ರೇಣಿಯ ಲೆಕ್ಕದಲ್ಲಿ ಸ್ವಯಂನಿವೃತ್ತಿ ಕೊಡಲಾಯಿತು. ತುಮಕೂರು ಕಾರ್ಖಾನೆಯ ಜಾಗ ಇಸ್ರೊ ಪಾಲಾಯಿತು. ಒಂದು ತಲೆಮಾರಿಗೆ ಅನ್ನ ಕೊಟ್ಟ, ಅತಿ ಸೂಕ್ಷ್ಮದ ಕೈಕೆಲಸ ಕಲಿಸಿದ ಸಂಸ್ಥೆ ಹೀಗೆ ಕಡತದಲ್ಲಿ ಮುಗಿದದ್ದು ಬೆಂಗಳೂರಿನ ಕೈಗಾರಿಕಾ ಚರಿತ್ರೆಯ ನೋವಿನ ಅಧ್ಯಾಯಗಳಲ್ಲೊಂದು.

ಮುಚ್ಚುವ ಸುದ್ದಿ ಬಂದಾಗಿನಿಂದಲೇ ಜನ ಮತ್ತೆ ಎಚ್‌ಎಂಟಿ ಹುಡುಕತೊಡಗಿದರು. ಹಳೆಯ ವಾಚುಗಳಿಗೆ ಇಂದು ಇರುವ ಬೇಡಿಕೆಯ ದೊಡ್ಡ ಭಾಗ ಹುಟ್ಟಿದ್ದು ಆ ದಿನಗಳಲ್ಲಿ. ಜೊತೆಗೇ ನಕಲಿಯೂ ಹುಟ್ಟಿತು.

ಒಳಗಿನ ಮಷೀನು

ವಾಚಿನ ಒಳಗಿನ ಚಲನಯಂತ್ರವನ್ನು ರಿಪೇರಿ ಅಂಗಡಿಗಳಲ್ಲಿ ಮಷೀನು ಎನ್ನುತ್ತಾರೆ. ಕೀ ತಿರುಗಿಸಿದಾಗ ಒಂದು ಉದ್ದದ ಉಕ್ಕಿನ ಪಟ್ಟಿ ಡಬ್ಬಿಯೊಳಗೆ ಸುತ್ತಿಕೊಳ್ಳುತ್ತದೆ. ಅದು ಬಿಚ್ಚಿಕೊಳ್ಳುವ ಬಲ ಹಲ್ಲುಚಕ್ರಗಳ ಸಾಲಿನ ಮೂಲಕ ಬ್ಯಾಲೆನ್ಸ್ ಚಕ್ರಕ್ಕೆ ಬರುತ್ತದೆ. ಕೂದಲೆಳೆಯಂಥ ಹೇರ್‌ಸ್ಪ್ರಿಂಗ್ ಆ ಚಕ್ರವನ್ನು ಅತ್ತಿತ್ತ ಒಂದೇ ಲಯದಲ್ಲಿ ತೂಗಿಸುತ್ತದೆ. ಎಚ್‌ಎಂಟಿಯ ಬಹುಕಾಲದ ಮಷೀನು 0231ರಲ್ಲಿ ಈ ತೂಗಾಟ ಗಂಟೆಗೆ 18,000 ಬಡಿತ, ಅಂದರೆ ಸೆಕೆಂಡಿಗೆ ಐದು. ಒಮ್ಮೆ ಪೂರ್ತಿ ಕೀ ಕೊಟ್ಟರೆ ಒಂದೂವರೆ ದಿನದ ಆಸುಪಾಸು ನಡೆಯುತ್ತದೆ. ಪ್ರತಿದಿನ ಒಂದೇ ಹೊತ್ತಿಗೆ, ಬೆಳಿಗ್ಗೆ ಕಟ್ಟಿಕೊಳ್ಳುವ ಮುಂಚೆ, ಕೀ ಕೊಡುವುದು ಒಳ್ಳೆಯ ಅಭ್ಯಾಸ.

ಡಯಲ್ಲಿನ ಮೇಲೆ ಕಾಣುವ ‘17 ಜುವೆಲ್ಸ್’ ಎಂಬ ಬರಹವನ್ನು ತೋರಿಸಿ ಬೆಲೆ ಏರಿಸುವವರಿದ್ದಾರೆ. ಆ ಜುವೆಲ್ಲುಗಳು ಪ್ರಯೋಗಾಲಯದಲ್ಲಿ ತಯಾರಾದ ಕೃತಕ ಮಾಣಿಕ್ಯಗಳು. ಚಕ್ರಗಳ ತುದಿ ಸವೆಯದೆ ತಿರುಗಲೆಂದು ಕೂರಿಸಿರುತ್ತಾರೆ, ರತ್ನವಾಗಿ ಅವಕ್ಕೆ ಕಿಮ್ಮತ್ತಿಲ್ಲ. ‘ಪ್ಯಾರಾ ಶಾಕ್’ ಎಂಬ ಬರಹ ಸಿಟಿಜನ್ 1956ರಲ್ಲಿ ತಂದ ಆಘಾತ ತಡೆಯುವ ವ್ಯವಸ್ಥೆಯ ಹೆಸರು. ವಾಚು ಕೈಜಾರಿದರೆ ಬ್ಯಾಲೆನ್ಸಿನ ಸೂಜಿಯಂಥ ತುದಿ ಮುರಿಯದಂತೆ ಅದು ಕಾಯುತ್ತದೆ. ಕೀ ಜಾಸ್ತಿ ಕೊಟ್ಟರೆ ವಾಚು ನಿಂತುಹೋಗುತ್ತದೆ ಎಂಬ ನಂಬಿಕೆಯೂ ಮನೆಮನೆಯಲ್ಲಿದೆ. ಪೂರ್ತಿ ಕೀ ಏರಿದ ವಾಚು ನಡೆಯದಿದ್ದರೆ ಕಾರಣ ಬಹುಪಾಲು ಒಳಗೆ ಎಣ್ಣೆ ಒಣಗಿ ಅಂಟಾಗಿರುವುದು. ಶುಚಿ ಮಾಡಿ ಹೊಸ ಎಣ್ಣೆ ಹಾಕಿದರೆ ಅದೇ ಸ್ಪ್ರಿಂಗು ಮತ್ತೆ ವಾಚನ್ನು ಎಳೆಯುತ್ತದೆ. ಹೀಗಾಗಿ ‘ಕೆಟ್ಟುಹೋಗಿದೆ’ ಎಂದು ಕಡಿಮೆ ಬೆಲೆಗೆ ಬರುವ ವಾಚನ್ನು ಒಂದೇ ಮಾತಿಗೆ ಬೇಡವೆನ್ನಬಾರದು.

ಡಯಲ್ಲನ್ನು ಓದುವುದು

ಜನತಾ ಮತ್ತು ಪೈಲಟ್ ಎರಡರ ಒಳಗೂ ಒಂದೇ ಬಗೆಯ ಮಷೀನು ಬಂದಿದೆ. ಆದರೂ ಕಪ್ಪು ಡಯಲ್ಲಿನ ಮೇಲೆ ಬಿಳಿಯ ಅಂಕಿಗಳಿರುವ ಮೂಲ ಪೈಲಟ್ಟಿಗೆ ಜನತಾಕ್ಕಿಂತ ಹೆಚ್ಚು ಬೇಡಿಕೆ. ಹಾಗಾದರೆ ಬೆಲೆಯ ವ್ಯತ್ಯಾಸ ಕೂತಿರುವುದು ಡಯಲ್ಲಿನಲ್ಲಿ. ಮಷೀನಿನ ಭಾಗ ಸವೆದರೆ ಇನ್ನೊಂದು ವಾಚಿನಿಂದ ತೆಗೆದು ಹಾಕಬಹುದು, ಗಾಜು ಹೋದರೆ ಹೊಸದು ಕೂರಿಸಬಹುದು. ಡಯಲ್ ಒಮ್ಮೆ ಹಾಳಾದರೆ ಹಾಳಾದಂತೆಯೇ. ಪೇಟೆಯಲ್ಲಿ ನಡೆಯುವ ಮೋಸವೂ ಅಲ್ಲಿಗೇ ಮುತ್ತಿಕೊಂಡಿರುವುದು ಇದರಿಂದಾಗಿ.

ಈ ಮೋಸದ ಹೆಸರು ರೀಡಯಲ್. ಮಾಸಿದ ಹಳೆಯ ಡಯಲ್ಲಿನ ಬಣ್ಣ ಕೆರೆದು, ಹೊಸ ಬಣ್ಣ ಬಳಿದು, ಅದರ ಮೇಲೆ ಹೆಸರು, ಅಂಕಿ, ಗೆರೆಗಳನ್ನು ಮತ್ತೆ ಅಚ್ಚೊತ್ತುತ್ತಾರೆ. ಶಾಸನದ ಕಲ್ಲಿಗೆ ಬಣ್ಣ ಬಳಿದು ಅಕ್ಷರಗಳನ್ನು ಹೊಸದಾಗಿ ಬರೆದಂತೆ. ಕಣ್ಣಿಗೆ ಅಂದವಾದೀತು, ದಾಖಲೆ ಮಾತ್ರ ಅಳಿಸಿಹೋಯಿತು. ಬೇರೆಬೇರೆ ವಾಚುಗಳ ಭಾಗ ಸೇರಿಸಿ, ಗಾಢ ಬಣ್ಣದ ಹೊಸ ಡಯಲ್ ಹಾಕಿ ಮಾರುವ ವಾಚುಗಳಿಗೆ ಹೊರದೇಶದ ಸಂಗ್ರಾಹಕರು ‘ಮುಂಬೈ ಸ್ಪೆಷಲ್’ ಎಂದೇ ಹೆಸರಿಟ್ಟಿದ್ದಾರೆ. ಕೆಂಪು, ಕಿತ್ತಳೆ, ಗಿಳಿಹಸಿರು ಡಯಲ್ಲಿನ, ಫಳಫಳ ಹೊಳೆಯುವ ‘ಹಳೆಯ’ ಪೈಲಟ್ ಕಡಿಮೆ ಬೆಲೆಗೆ ಎದುರಿಗೆ ಬಂದರೆ ಅದನ್ನು ರೀಡಯಲ್ ಎಂದೇ ತಿಳಿದು ಪರೀಕ್ಷೆ ಶುರು ಮಾಡಬೇಕು.

ಗುರುತಿಸಲು ಬೇಕಾದ್ದು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಸಣ್ಣ ಭೂತಗನ್ನಡಿ, ಹಗಲಿನ ಬೆಳಕು, ಮತ್ತು ಅವಸರವಿಲ್ಲದ ಹತ್ತು ನಿಮಿಷ. ಮೊದಲು 12ರ ಕೆಳಗಿನ ‘ಎಚ್‌ಎಂಟಿ’ ಗುರುತನ್ನು ನೋಡಬೇಕು. ಕಾರ್ಖಾನೆಯ ಅಚ್ಚಿನಲ್ಲಿ ಅಕ್ಷರದ ಅಂಚು ಚೂಪಾಗಿರುತ್ತದೆ, ಮಸಿ ಎಲ್ಲೆಡೆ ಒಂದೇ ದಪ್ಪವಿರುತ್ತದೆ. ರೀಡಯಲ್ಲಿನಲ್ಲಿ ಅಕ್ಷರದ ಅಂಚು ಹರಡಿರುತ್ತದೆ, ಮೂಲೆಗಳಲ್ಲಿ ಮಸಿ ಕಲೆತು ದುಂಡಗಾಗಿರುತ್ತದೆ. ಆಮೇಲೆ ಸುತ್ತಲಿನ ನಿಮಿಷದ ಗೆರೆಗಳ ಕಡೆ ಕಣ್ಣು ಹಾಯಿಸಬೇಕು. ಗಂಟೆಯ ಗುರುತಿನ ನಡುಮಧ್ಯಕ್ಕೆ ಸರಿಯಾಗಿ ಅದರ ನಿಮಿಷದ ಗೆರೆ ಬರಬೇಕು. ರೀಡಯಲ್ಲಿನಲ್ಲಿ 12ರ ಹತ್ತಿರ ಕೂಡಿಬಂದ ಗೆರೆ 5ಕ್ಕೋ 8ಕ್ಕೋ ಬರುವ ಹೊತ್ತಿಗೆ ಪಕ್ಕಕ್ಕೆ ಜರುಗಿರುತ್ತದೆ. ತಾರೀಖಿನ ಕಿಟಕಿ ಇದ್ದರೆ ಅದರ ಒಳಅಂಚಿನಲ್ಲಿ ಬಣ್ಣ ಗಟ್ಟಿಯಾಗಿ ನಿಂತಿದೆಯೇ ನೋಡಬೇಕು. ಉಬ್ಬಿದ ಗುರುತುಗಳ ಬುಡದಲ್ಲಿ ಹೊಸ ಬಣ್ಣ ಏರಿಕೊಂಡಿರುವುದು ಇನ್ನೊಂದು ಸುಳಿವು.

ಒಂದೇ ಸುಳಿವಿನ ಮೇಲೆ ತೀರ್ಪು ಕೊಡುವುದು ತಪ್ಪು. ಮೂಲ ಡಯಲ್ಲಿಗೂ ತೇವ ತಗುಲಿ ಮಸಿ ಕದಡಿರಬಹುದು. ನಂಬಬಹುದಾದ ವಿಧಾನವೆಂದರೆ ಹೋಲಿಕೆ: ಅದೇ ಮಾದರಿಯ ಖಚಿತ ಮೂಲ ವಾಚನ್ನು ಮೊದಲು ಕಣ್ತುಂಬ ನೋಡಿಟ್ಟುಕೊಳ್ಳುವುದು. ಇದಕ್ಕೆ ಜಾಲಹಳ್ಳಿಯ ಎಚ್‌ಎಂಟಿ ಹೆರಿಟೇಜ್ ಸೆಂಟರ್ ಮತ್ತು ವಸ್ತುಸಂಗ್ರಹಾಲಯಕ್ಕಿಂತ ಒಳ್ಳೆಯ ಪಾಠಶಾಲೆ ಬೇರೆ ಇಲ್ಲ. ಕಂಪನಿಯ ಮುಖ್ಯಸ್ಥರ ನಿವಾಸವಾಗಿದ್ದ ಬಂಗಲೆಯಲ್ಲಿ 2019ರಲ್ಲಿ ತೆರೆದ ಈ ಸಂಗ್ರಹಾಲಯದಲ್ಲಿ ಮೊದಲ ದಿನಗಳಿಂದ ಕೊನೆಯವರೆಗಿನ ವಾಚುಗಳು ಸಾಲಾಗಿವೆ. ರಾಜಾಜಿನಗರದಿಂದ ಹಸಿರು ಮಾರ್ಗದ ಮೆಟ್ರೊ ಹತ್ತಿ ಯಶವಂತಪುರ, ಗೊರಗುಂಟೆಪಾಳ್ಯದ ಕಡೆ ಇಳಿದು ಆಟೊ ಹಿಡಿದರೆ ದೂರವೇನೂ ಇಲ್ಲ. ಹಣ ಕೊಡುವ ಮುಂಚೆ ಒಂದು ಮಧ್ಯಾಹ್ನ ಅಲ್ಲಿ ಕಳೆದವರಿಗೆ ಪೇಟೆಯ ರೀಡಯಲ್ ದೂರದಿಂದಲೇ ಗೊತ್ತಾಗುತ್ತದೆ.

ಮಾಸಲನ್ನು ಕಂಡು ಹೆದರಬಾರದು. ಬಿಳಿಯ ಡಯಲ್ ಐವತ್ತು ವರ್ಷದಲ್ಲಿ ಕೆನೆಬಣ್ಣಕ್ಕೆ ತಿರುಗುವುದು, ಅಂಚಿನಲ್ಲಿ ಸಣ್ಣ ಚುಕ್ಕೆಗಳು ಏಳುವುದು ಸಹಜ. ಬಣ್ಣ ಎಲ್ಲೆಡೆ ಸಮನಾಗಿ ಮಾಗಿದ್ದರೆ ಅನುಭವಿಗಳು ಅದಕ್ಕೆ ಹೆಚ್ಚೇ ಕೊಡುತ್ತಾರೆ. ನೀರು ನುಗ್ಗಿ ಬಣ್ಣ ಹಪ್ಪಳವೆದ್ದಿದ್ದರೆ, ಮುಳ್ಳುಗಳ ಬುಡದಲ್ಲಿ ತುಕ್ಕು ಹಿಡಿದಿದ್ದರೆ ಮಾತ್ರ ದೂರವಿಡುವುದು ಕ್ಷೇಮ, ಏಕೆಂದರೆ ಮೇಲೆ ಕಂಡ ತುಕ್ಕು ಒಳಗೂ ಇರುತ್ತದೆ.

ಮುಳ್ಳು, ಕೇಸು, ಗಾಜು

ಗಂಟೆ, ನಿಮಿಷ, ಸೆಕೆಂಡಿನ ಮುಳ್ಳುಗಳು ಮೂರೂ ಒಂದೇ ಕುಟುಂಬದವಾಗಿರಬೇಕು. ನಿಮಿಷದ ಮುಳ್ಳಿನ ತುದಿ ನಿಮಿಷದ ಗೆರೆಗಳವರೆಗೆ ಮುಟ್ಟದೆ ಮೊಟಕಾಗಿದ್ದರೆ ಅದು ಬೇರೆ ವಾಚಿನಿಂದ ಬಂದದ್ದು. ಕತ್ತಲಲ್ಲಿ ಬೆಳಗುವ ಲೇಪ ಡಯಲ್ಲಿನಲ್ಲಿ ಹಳದಿಗಟ್ಟಿದ್ದು ಮುಳ್ಳಿನಲ್ಲಿ ಹಾಲಿನಂತೆ ಬೆಳ್ಳಗಿದ್ದರೂ ಅದೇ ಮಾತು.

ಕೇಸಿನ ಮೇಲೆ ಗೀರು ಇರಲಿ ಬಿಡಿ. ಕಾರ್ಖಾನೆ ಕೊಟ್ಟ ಅಂಚುಗಳು ಚೂಪಾಗಿ ಉಳಿದಿವೆಯೇ ಎಂಬುದು ಮುಖ್ಯ. ಪಾಲಿಶ್ ಚಕ್ರಕ್ಕೆ ಪದೇಪದೇ ಕೊಟ್ಟ ಕೇಸು ಸೋಪಿನ ತುಂಡಿನಷ್ಟು ನುಣುಪಾಗಿ ಆಕಾರ ಕಳೆದುಕೊಂಡಿರುತ್ತದೆ, ಹಿಂಬದಿಯ ಅಕ್ಷರಗಳು ಅರ್ಧ ಮಾಯವಾಗಿರುತ್ತವೆ. ಸೋನಾದಂಥ ಚಿನ್ನದ ಮುಲಾಮಿನ ವಾಚುಗಳಲ್ಲಿ ಬೆಲ್ಟು ಸಿಕ್ಕಿಸುವ ಕೊಂಬುಗಳ ತುದಿಯಲ್ಲಿ ಮುಲಾಮು ಸವೆದು ಒಳಲೋಹ ಇಣುಕುವುದು ಸಾಮಾನ್ಯ. ಅದನ್ನು ಹಾಗೇ ಬಿಡುವುದು ಮೇಲು. ಹೊಸ ಮುಲಾಮು ಕೊಡಿಸಿದ ಸೋನಾ ಮದುವೆಮನೆಗೆ ಹೊಳೆದೀತು, ಸಂಗ್ರಾಹಕ ಅದಕ್ಕೆ ಕಡಿಮೆ ಕೊಡುತ್ತಾನೆ. ಹಿಂದಿನ ಮುಚ್ಚಳದ ಮೇಲೆ ಸಂಸ್ಥೆಯ ಹೆಸರು, ಸೇವಾವರ್ಷ ಕೆತ್ತಿಸಿ ನೌಕರರಿಗೆ ಕೊಟ್ಟ ವಾಚುಗಳೂ ಈ ಭಾಗದಲ್ಲಿ ಕಾಣಸಿಗುತ್ತವೆ. ಸೋಪ್ ಫ್ಯಾಕ್ಟರಿ, ಕಿರ್ಲೋಸ್ಕರ್, ಮೈಸೂರು ಲ್ಯಾಂಪ್ಸ್, ಬಿಇಎಲ್, ಐಟಿಐಗಳ ದುಡಿಮೆಗಾರರ ಬಡಾವಣೆಗಳಿವು. ಕೆತ್ತನೆ ಇದ್ದರೆ ಬೆಲೆ ಇಳಿಯುತ್ತದೆ ಎನ್ನುವ ವ್ಯಾಪಾರಿಗಳಿದ್ದಾರೆ. ಈ ಊರಿನ ಕೊಳ್ಳುಗನಿಗೆ ಅದು ಏರಬೇಕಾದ ಕಾರಣ ಎಂಬುದು ನನ್ನ ಅಭಿಪ್ರಾಯ: ಆ ಎರಡು ಸಾಲು ಕೆತ್ತನೆ ವಾಚಿನ ಕಾಲ, ಊರು, ಕೆಲಸ ಮೂರನ್ನೂ ಹೇಳುತ್ತದೆ.

ಗಾಜಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಹಳೆಯ ವಾಚುಗಳ ಗಾಜು ಬಹುಪಾಲು ಅಕ್ರಿಲಿಕ್. ಗೀರು ಬಿದ್ದರೆ ಪಾಲಿಶ್ ಮಾಡಬಹುದು, ಒಡೆದರೆ ಅಗ್ಗದಲ್ಲಿ ಬದಲಾಗುತ್ತದೆ.

ಹಿಂದಿನ ಮುಚ್ಚಳ ತೆರೆಸದೆ ಕೊಳ್ಳಬಾರದು. ಒಳಗೆ ಮಷೀನಿನ ಮೇಲೆ ಎಚ್‌ಎಂಟಿ ಗುರುತು, ಜುವೆಲ್ಲಿನ ಸಂಖ್ಯೆ ಇರಬೇಕು. ತಿರುಪುಗಳ ತಲೆ ಕಿತ್ತುಹೋಗಿದ್ದರೆ ಒರಟು ಕೈ ಅದನ್ನು ಬಿಚ್ಚಿದೆ ಎಂದರ್ಥ. ಬ್ಯಾಲೆನ್ಸ್ ಚಕ್ರ ಅಲುಗದೆ ಒಂದೇ ಮಟ್ಟದಲ್ಲಿ ತೂಗಬೇಕು, ಹೇರ್‌ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟದೆ ಬಿಡಿಬಿಡಿಯಾಗಿ ಉಸಿರಾಡುವಂತೆ ಕಾಣಬೇಕು. ದಿನಕ್ಕೆ ಹಲವು ನಿಮಿಷ ಮುಂದೆ ಓಡುವ ವಾಚಿನ ಕಾಯಿಲೆ ಎಷ್ಟೋ ಸಲ ಕಾಂತ ಹಿಡಿದ ಹೇರ್‌ಸ್ಪ್ರಿಂಗ್ ಆಗಿರುತ್ತದೆ. ಸ್ಪೀಕರು, ಮೊಬೈಲು ಕವರಿನ ಅಯಸ್ಕಾಂತದ ಹತ್ತಿರ ಇಟ್ಟರೂ ಹೀಗಾಗುತ್ತದೆ, ಕಾಂತ ತೆಗೆಯುವ ಸಾಧನದಲ್ಲಿ ಕ್ಷಣದ ಕೆಲಸ. ಕೆಲವು ರಿಪೇರಿಯವರ ಹತ್ತಿರ ಬಡಿತ ಅಳೆಯುವ ಟೈಮ್‌ಗ್ರಾಫರ್ ಇರುತ್ತದೆ. ಅದರ ಮೇಲಿಟ್ಟು ಡಯಲ್ ಮೇಲಾಗಿ ಒಮ್ಮೆ, ಕೀ ಕೆಳಗಾಗಿ ಒಮ್ಮೆ ನೋಡಿದಾಗ ದಿನಕ್ಕೆ ಅರ್ಧ ನಿಮಿಷದೊಳಗಿನ ವ್ಯತ್ಯಾಸ ಕಂಡರೆ ಈ ವಯಸ್ಸಿನ ವಾಚಿಗೆ ಅದು ಆರೋಗ್ಯವೇ. ಬ್ಯಾಲೆನ್ಸಿನ ತೂಗು 250 ಡಿಗ್ರಿಗಿಂತ ತೀರ ಕೆಳಗಿದ್ದರೆ ಸರ್ವೀಸಿನ ಖರ್ಚನ್ನು ಬೆಲೆಯಿಂದ ಕಳೆದು ಮಾತಾಡಬೇಕು.

ಎಲ್ಲಿ ಕೊಳ್ಳುವುದು

ಹುಡುಕಾಟ ಮನೆಯಿಂದಲೇ ಶುರುವಾಗಲಿ. ತಾತನ, ದೊಡ್ಡಪ್ಪನ ವಾಚು ಎಲ್ಲಿದೆ ಎಂದು ಅಜ್ಜಿಯನ್ನು ಕೇಳಿದರೆ, ಎಷ್ಟೋ ಮನೆಗಳಲ್ಲಿ ರಸೀದಿಯ ಸಮೇತ ಹೊರಬರುತ್ತದೆ. ಒಬ್ಬರ ಕೈಯಲ್ಲೇ ಇದ್ದು ಒಬ್ಬರಿಂದಲೇ ರಿಪೇರಿಯಾದ ವಾಚಿಗೆ ಸಮನಾದದ್ದು ಪೇಟೆಯಲ್ಲಿ ಅಪರೂಪ.

ಎರಡನೆಯ ಬಾಗಿಲು ಬಡಾವಣೆಯ ವಾಚ್ ರಿಪೇರಿಯವರು. ರಾಜಾಜಿನಗರದ ಬ್ಲಾಕುಗಳಲ್ಲಿ, ವಿಜಯನಗರದ ಮಾರುಕಟ್ಟೆ ಸುತ್ತ, ಮಾಗಡಿ ರಸ್ತೆಯಲ್ಲಿ, ಕೆಂಗೇರಿ ಉಪನಗರದಲ್ಲಿ ಇನ್ನೊಂದು ಅಂಗಡಿಯ ಜಗಲಿಗೆ ತಾಗಿಕೊಂಡ ಗಾಜಿನ ಪೆಟ್ಟಿಗೆಯಷ್ಟೇ ಜಾಗದಲ್ಲಿ ಇಂಥವರು ಕೂತಿರುತ್ತಾರೆ. ಮುಂದೆ ಬ್ಯಾಟರಿ, ಬೆಲ್ಟು. ಹಿಂದಿನ ಡಬ್ಬಿಗಳಲ್ಲಿ ಯಾರೂ ವಾಪಸು ಒಯ್ಯದ ಹಳೆಯ ವಾಚುಗಳು. ನಯವಾಗಿ ಕೇಳಿದರೆ ಡಬ್ಬಿ ತೆರೆಯುತ್ತದೆ. ಇಲ್ಲಿ ಒಂದು ಎಚ್ಚರಿಕೆ ಬೇಕು. ಹಳೆಯದನ್ನು ಹೊಸದಾಗಿಸಿ ಕೊಡುವುದೇ ಗಿರಾಕಿಗೆ ಮಾಡುವ ಉಪಕಾರವೆಂದು ಬಹಳ ರಿಪೇರಿಯವರು ನಂಬಿದ್ದಾರೆ. “ಹೊಸ ಡಯಲ್ ಹಾಕಿ, ಪಾಲಿಶ್ ಹೊಡೆದು ಶೋರೂಂ ಪೀಸ್ ಥರ ಮಾಡಿ ಕೊಡ್ತೀನಿ ಸಾರ್” ಎಂಬ ಮಾತಿನಲ್ಲಿ ಮೋಸವಿಲ್ಲ, ಪ್ರೀತಿಯೇ ಇದೆ. ಆದರೂ “ಬೇಡಣ್ಣ, ಡಯಲ್ಲು ಕೇಸು ಮುಟ್ಟಬೇಡಿ, ಮಷೀನು ಮಾತ್ರ ಸರ್ವೀಸ್ ಮಾಡಿ” ಎಂದು ಮೊದಲೇ ಬಿಡಿಸಿ ಹೇಳಬೇಕು.

ಬಿಡಿಭಾಗಗಳ ಸಗಟು ವ್ಯಾಪಾರ ಇರುವುದು ಅವೆನ್ಯೂ ರಸ್ತೆ, ಚಿಕ್ಕಪೇಟೆಯ ಸುತ್ತಮುತ್ತ. ವಿಜಯನಗರ ಅಥವಾ ಕೆಂಗೇರಿಯಿಂದ ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್‌ಗೆ ಬಂದು ಹಸಿರು ಮಾರ್ಗಕ್ಕೆ ಬದಲಾಯಿಸಿದರೆ ಮುಂದಿನ ನಿಲ್ದಾಣವೇ ಚಿಕ್ಕಪೇಟೆ. ಅದೇ ಪ್ರದೇಶದ ಭಾನುವಾರದ ಸಂಡೇ ಬಜಾರಿನಲ್ಲಿ ಬಟ್ಟೆ ಹಾಸಿ ವಾಚು ಗುಡ್ಡೆ ಹಾಕಿ ಮಾರುತ್ತಾರೆ. ಕಣ್ಣು ಪಳಗಿದವರಿಗೆ ಅಲ್ಲಿ ಒಳ್ಳೆಯದು ಸಿಕ್ಕೀತು. ಮೊದಲ ವಾಚನ್ನು ಅಲ್ಲಿ ಕೊಳ್ಳದಿರುವುದು ಲೇಸು. ಕದ್ದ ಮಾಲಿನ ಭಯವೂ ಇರುವುದರಿಂದ ಮಾರುವವರು ಯಾರು, ಎಲ್ಲಿಯವರು ಎಂಬುದು ಗೊತ್ತಿರಬೇಕು. ಆನ್‌ಲೈನಿನಲ್ಲಿ ಕೊಳ್ಳುವವರು ಹಿಂದಿನ ಮುಚ್ಚಳ ತೆರೆದ ಚಿತ್ರ ಮತ್ತು ಓರೆ ಬೆಳಕಿನಲ್ಲಿ ತೆಗೆದ ಡಯಲ್ಲಿನ ಚಿತ್ರ ಕೇಳಲಿ. ಕೊಡಲೊಲ್ಲದವರ ವಾಚನ್ನು ಅಲ್ಲಿಗೇ ಬಿಡಬೇಕು.

ಬೆಲೆ

ಹತ್ತು ಕೋಟಿ ದಾಟಿ ತಯಾರಾದ ವಾಚುಗಳಲ್ಲಿ ಸಾಮಾನ್ಯ ಮಾದರಿಗಳು ಅಪರೂಪವಾಗುವ ಮಾತೇ ಇಲ್ಲ. ಸುಸ್ಥಿತಿಯ ಜನತಾ ಕೆಲವೇ ಸಾವಿರ ರೂಪಾಯಿಯೊಳಗೆ ಸಿಗುತ್ತದೆ, ಸಿಗಲೂ ಬೇಕು. ಈ ಅಗ್ಗವೇ ಮೊದಲ ಕೊಳ್ಳುಗನಿಗೆ ದೊಡ್ಡ ವರ. ಕಲಿಯುವ ಕಾಲದ ತಪ್ಪು ಜೇಬು ಸುಡುವುದಿಲ್ಲ, ಬಿಡಿಭಾಗ ಸಿಗುತ್ತದೆ, ರಿಪೇರಿಯವರಿಗೆ ಮಷೀನು ಅಂಗೈಗೆರೆಯಷ್ಟು ಪರಿಚಿತ. ಮೊದಲ ಹಳೆಯ ವಾಚು ಎಚ್‌ಎಂಟಿಯೇ ಆಗಲಿ, ಅದರಲ್ಲೂ ತಾರೀಖು ಗೀರೀಖು ಏನೂ ಇಲ್ಲದ, ಕೀ ಕೊಡುವ ಮಾದರಿಯಾಗಲಿ ಎಂದು ಖಡಾಖಂಡಿತವಾಗಿ ಹೇಳಬಹುದು. ಭಾಗ ಕಡಿಮೆ ಇದ್ದಷ್ಟೂ ಕೆಡುವುದು ಕಡಿಮೆ.

ಹೆಚ್ಚು ಬೆಲೆ ಬರುವುದು ಕೆಲವು ಸಂದರ್ಭಗಳಲ್ಲಿ: ಮುಟ್ಟದೇ ಉಳಿದ ಕಪ್ಪು ಡಯಲ್ಲಿನ ಪೈಲಟ್, ಅರವತ್ತರ ದಶಕದ ಆರಂಭದ ವಾಚುಗಳು, ಅಂದಗೆಡದ ಕಾಂಚನ್, ಬ್ರೈಲ್ ಮಾದರಿ, ಅಥವಾ ಅಂಗಡಿಯ ಕಪಾಟಿನಲ್ಲೇ ಉಳಿದು ಯಾರೂ ಕಟ್ಟದ ಹಳೆಯ ದಾಸ್ತಾನು. ‘ಹಳೆಯ ದಾಸ್ತಾನು’ ಎಂದು ಹೇಳಿ ಮಾರುವವುಗಳಲ್ಲಿ ಹೊಸದಾಗಿ ಜೋಡಿಸಿದವೂ ಇರುತ್ತವೆ. ಬೆಲ್ಟು ಸಿಕ್ಕಿಸುವ ಕಡ್ಡಿಯ ತೂತುಗಳ ಸುತ್ತ ಸವೆತವಿದ್ದರೆ ಅದನ್ನು ಯಾರೋ ವರ್ಷಗಟ್ಟಲೆ ಕಟ್ಟಿದ್ದಾರೆ. ಡಬ್ಬಿ, ಗ್ಯಾರಂಟಿ ಕಾರ್ಡು, ಅಂಗಡಿಯ ರಸೀದಿ ಮೂರೂ ಒಟ್ಟಿಗಿದ್ದು, ಕಾರ್ಡಿನ ಸಂಖ್ಯೆ ವಾಚಿನದಕ್ಕೆ ತಾಳೆಯಾದರೆ ಹೆಚ್ಚು ಕೊಡುವುದು ನ್ಯಾಯ. ಖಾಲಿ ಡಬ್ಬಿಗಳೂ ಬಿಡಿಯಾಗಿ ಮಾರಾಟವಾಗುವುದರಿಂದ ಡಬ್ಬಿಯೊಂದನ್ನೇ ನಂಬಿ ಬೆಲೆ ಏರಿಸಬಾರದು.

ಹೇಳಿದ ಬೆಲೆ ನಿಜವಾದ ಬೆಲೆಯಲ್ಲ. ಅದಕ್ಕೆ ಪೂರ್ತಿ ಸರ್ವೀಸು, ಬೇಕಾದರೆ ಗಾಜು, ಕೀ, ಬೆಲ್ಟು ಸೇರಿಸಿ ಬಂದ ಮೊತ್ತವನ್ನು, ಇವೆಲ್ಲ ಆಗಿರುವ ಅದೇ ಮಾದರಿ ಎಷ್ಟಕ್ಕೆ ಮಾರಾಟವಾಗಿದೆ ಎಂಬುದರ ಪಕ್ಕ ಇಟ್ಟು ನೋಡಬೇಕು. ಜನ ಕೇಳುವ ಬೆಲೆಗೂ ಮಾರಾಟವಾದ ಬೆಲೆಗೂ ದೊಡ್ಡ ಅಂತರವಿರುತ್ತದೆ. ಹೂಡಿಕೆಯ ಆಸೆ ತೋರಿಸಿ ಎಚ್‌ಎಂಟಿ ಮಾರುವವರಿಂದ ದೂರವಿರುವುದು ಒಳ್ಳೆಯದು. ಚಿನ್ನ, ಸೈಟಿನಂತೆ ಬೆಳೆಯುವ ಸ್ವತ್ತು ಇದಲ್ಲ.

ಇತರ ವಾಚುಗಳು

ಹಳೆಯ ಮನೆಗಳಲ್ಲಿ ಎಚ್‌ಎಂಟಿಗಿಂತ ಹಿಂದಿನ ಸ್ವಿಸ್ ವಾಚುಗಳೂ ಸಿಗುತ್ತವೆ. ವೆಸ್ಟ್ ಎಂಡ್ ವಾಚ್ ಕಂಪನಿಯ ಸೋವಾರ್, ಫಾವ್ರ್ ಲೂಬಾದ ಸೀ ಕಿಂಗ್, ರೋಮರ್, ಕ್ಯಾಮಿ ಇವೆಲ್ಲ ಇಲ್ಲಿ ಬಹಳ ಓಡಿದ ಹೆಸರುಗಳು. ಫಾವ್ರ್ ಲೂಬಾ ಕಂಪನಿಯನ್ನು 2011ರಲ್ಲಿ ಟೈಟನ್ನೇ ಕೊಂಡಿತ್ತು, ಈಗ ಅದು ಎಥೋಸ್ ಬಳಿ ಇದೆ. ಈ ವಾಚುಗಳಲ್ಲಿ ರೀಡಯಲ್ಲಿನ ಹಾವಳಿ ಇನ್ನೂ ಹೆಚ್ಚು, ಬಿಡಿಭಾಗ ಕಷ್ಟ. ಎರಡನೆಯ ಅಥವಾ ಮೂರನೆಯ ವಾಚಾಗಿ ಬರಲಿ.

ಅರವತ್ತರ ದಶಕಕ್ಕಿಂತ ಹಿಂದಿನ, ಕತ್ತಲಲ್ಲಿ ಬೆಳಗುವ ಲೇಪದ ವಾಚುಗಳಲ್ಲಿ ರೇಡಿಯಂ ಇರಬಹುದು. ಬೆಳಕು ಸತ್ತಿದ್ದರೂ ವಿಕಿರಣ ಸತ್ತಿರುವುದಿಲ್ಲ. ರೇಡಿಯಂ ಅರ್ಧಕ್ಕೆ ಇಳಿಯಲು ಸುಮಾರು 1,600 ವರ್ಷ ಬೇಕು. ಮುಚ್ಚಿದ ವಾಚನ್ನು ಆಗಾಗ ಕಟ್ಟಿಕೊಳ್ಳುವುದಕ್ಕಿಂತ ಅದನ್ನು ಬಿಚ್ಚಿ ಲೇಪ ಕೆರೆದು ಪುಡಿ ಉಸಿರಿಗೆ ಎಳೆದುಕೊಳ್ಳುವುದು ಅಪಾಯ. ಮಕ್ಕಳ ಕೈಗೆ ಕೊಡಬಾರದು, ಮನೆಯಲ್ಲಿ ತೆರೆಯಬಾರದು, ರಿಪೇರಿಯವರಿಗೂ ಮೊದಲೇ ತಿಳಿಸಬೇಕು.

ಮೊದಲ ತಲೆಮಾರಿನ ಟೈಟನ್ ಕ್ವಾರ್ಟ್ಜ್ ವಾಚುಗಳಿಗೂ ಈಗ ಆಸಕ್ತರು ಹುಟ್ಟಿದ್ದಾರೆ. ಸೋರಿದ ಬ್ಯಾಟರಿ ಒಳಗನ್ನು ತಿಂದಿದೆಯೇ ಎಂಬುದೊಂದನ್ನು ನೋಡಿದರೆ ಸಾಕು.

ಕೊಂಡ ಮೇಲೆ

ಹಳೆಯ ವಾಚಿಗೆ ನೀರು ಶತ್ರು, ಹಿಂಬದಿಯಲ್ಲಿ ವಾಟರ್ ಪ್ರೂಫ್ ಎಂದು ಕೆತ್ತಿದ್ದರೂ ಸರಿ. ಒಳಗಿನ ರಬ್ಬರು ಎಂದೋ ಗಟ್ಟಿಯಾಗಿರುತ್ತದೆ. ಮಳೆಗಾಲದ ಸಂಜೆಗಳಲ್ಲಿ ಸ್ಕೂಟರ್ ಏರುವ ಮುಂಚೆ ಬಿಚ್ಚಿ ಒಳಜೇಬಿಗೆ ಹಾಕಿಕೊಳ್ಳಬೇಕು. ಗಾಜಿನ ಒಳಗೆ ಮಂಜು ಕಟ್ಟಿದ್ದು ಕಂಡರೆ ಅಂದೇ ರಿಪೇರಿಯವರ ಹತ್ತಿರ ಒಯ್ಯಬೇಕು. ವಾರ ಬಿಟ್ಟರೆ ತುಕ್ಕು ಶುರು. ತಾರೀಖು ಇರುವ ವಾಚಿನಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಮೂರರವರೆಗೆ ತಾರೀಖನ್ನು ಕೈಯಿಂದ ಬದಲಾಯಿಸಬಾರದು, ಆ ಹೊತ್ತಿನಲ್ಲಿ ಹಲ್ಲುಗಳು ಕಚ್ಚಿಕೊಂಡಿರುತ್ತವೆ.

ನಾಲ್ಕೈದು ವರ್ಷಕ್ಕೊಮ್ಮೆ ಪೂರ್ತಿ ಸರ್ವೀಸ್ ಬೇಕು. ಸರ್ವೀಸ್ ಎಂದರೆ ಮಷೀನನ್ನು ಬಿಡಿಬಿಡಿಯಾಗಿ ಬಿಚ್ಚಿ ತೊಳೆದು, ಜಾಗಜಾಗಕ್ಕೆ ತಕ್ಕ ಎಣ್ಣೆಯನ್ನು ಸೂಜಿಮೊನೆಯಷ್ಟು ಇಟ್ಟು ಮತ್ತೆ ಕೂಡಿಸುವುದು. ಮುಚ್ಚಳ ತೆಗೆದು ಒಂದು ಹನಿ ಬಿಟ್ಟು ಐದು ನಿಮಿಷದಲ್ಲಿ ವಾಪಸು ಕೊಡುವ ಆಯಿಲಿಂಗ್ ಅದಕ್ಕೆ ಬದಲಿಯಾಗದು. ಆ ಎಣ್ಣೆ ಹರಡಿ ಧೂಳು ಹಿಡಿದು ಮಷೀನನ್ನು ಇನ್ನಷ್ಟು ಬೇಗ ಕೆಡಿಸುತ್ತದೆ. ಪೂರ್ತಿ ಕೆಲಸಕ್ಕೆ ಕೇಳಿದ ಕೂಲಿ ವಾಚಿನ ಬೆಲೆಯ ಅರ್ಧಕ್ಕೆ ಬಂದರೂ ಚೌಕಾಸಿ ಮಾಡದೆ ಕೊಡಬೇಕು. ಈ ವಿದ್ಯೆ ಬಲ್ಲ ಹಿರಿಯರ ಸಂಖ್ಯೆ ಇಳಿಯುತ್ತಿದೆ, ಕಲಿಯಲು ಬರುವ ಹುಡುಗರು ಕಡಿಮೆ. ಕೂಲಿ ಗಿಟ್ಟದಿದ್ದರೆ ಇರುವವರೂ ಮೊಬೈಲ್ ರಿಪೇರಿಗೆ ಹೊರಳುತ್ತಾರೆ.

ಬದಲಾಯಿಸಿದ ಯಾವ ಭಾಗವನ್ನೂ ಎಸೆಯದೆ ಸಣ್ಣ ಪೊಟ್ಟಣದಲ್ಲಿ ವಾಪಸು ಕೇಳಿ ಪಡೆಯಬೇಕು: ಸವೆದ ಕೀ, ಒಡೆದ ಗಾಜು, ಹಳೆಯ ಮುಳ್ಳು. ಯಾವ ವರ್ಷ ಎಲ್ಲಿ ಏನು ಮಾಡಿಸಿದ್ದು ಎಂದು ಒಂದು ಚೀಟಿಯಲ್ಲಿ ಬರೆದು ಅದೇ ಪೊಟ್ಟಣದಲ್ಲಿಡಬೇಕು. ಮುಂದೆ ಆ ವಾಚನ್ನು ಮಾರಿದರೂ, ಮಕ್ಕಳಿಗೆ ಕೊಟ್ಟರೂ, ಮೂಲದ್ದು ಯಾವುದು ಬದಲಾದದ್ದು ಯಾವುದು ಎಂದು ತೋರಿಸಲು ಅದೊಂದೇ ದಾಖಲೆ. ಕೊಳ್ಳುವವನು ತಿಳಿದವನಾಗಿದ್ದರೆ ಆ ಚೀಟಿಗೂ ಬೆಲೆ ಕಟ್ಟುತ್ತಾನೆ.